ಜಗಲಿಯ ಮೇಲೆ ಕೂತವರು

ಆ ಊರಿನಲ್ಲಿ ಸತ್ತವರು ತಕ್ಷಣ ಹೋಗುತ್ತಿರಲಿಲ್ಲ. ಉಸಿರು ನಿಂತ ಮೇಲೆ ಎದ್ದು, ಮೈಮೇಲಿನ ಬಟ್ಟೆ ಸರಿಮಾಡಿಕೊಂಡು, ಮನೆಯ ಜಗಲಿಗೆ ಬಂದು ಬೀದಿಗೆ ಮುಖ ಮಾಡಿ ಕೂರುತ್ತಿದ್ದರು. ಊಟ ಬೇಡ, ನಿದ್ದೆ ಬೇಡ, ಮಾತಿಲ್ಲ. ಊರಿನ ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗಬೇಕು. ಮನೆಯವರೊಬ್ಬರು ಆ ಪತ್ರಿಕೆ ಹಿಡಿದು, ಹೊಸ್ತಿಲ ಮೇಲೆ ನಿಂತು, ಆ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಆಗ ಅವರು ಏಳುತ್ತಿದ್ದರು. ಮೆಟ್ಟಿಲಿಳಿದು, ಬೀದಿಯ ನಡುವೆ ನಡೆದು, ಊರಿನ ತೆಂಕಣ ಬಾಗಿಲಿನಿಂದ ಆಚೆ ಹೋಗಿಬಿಡುತ್ತಿದ್ದರು. ತಿರುಗಿ ನೋಡುತ್ತಿರಲಿಲ್ಲ. ಅವರು ಬಾಗಿಲು ದಾಟುವವರೆಗೆ ಮನೆಯವರು ಅಳುವಂತಿರಲಿಲ್ಲ. ದಾಟಿದ ಮೇಲೆ ಎಷ್ಟು ಬೇಕಾದರೂ ಅಳಬಹುದಿತ್ತು.

ಆ ಪತ್ರಿಕೆಯನ್ನು ಒಬ್ಬ ಸಂಪಾದಕ ನಡೆಸುತ್ತಿದ್ದ. ಅವನ ಜೊತೆಗಿದ್ದವಳು ಅಕ್ಕ ಒಬ್ಬಳೇ. ಅವನು ಬರೆಯುತ್ತಿದ್ದ, ಅಕ್ಕ ಅಚ್ಚಿನ ಮೊಳೆ ಜೋಡಿಸುತ್ತಿದ್ದಳು. ತಾಯಿ ಹೋದಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಎತ್ತಿ ಸಾಕಿದವಳು ಅಕ್ಕ, ಅಕ್ಷರ ತಿದ್ದಿಸಿದವಳೂ ಅವಳೇ. ಅವನು ದೊಡ್ಡವನಾದ ಮೇಲೂ ಅವನ ಒಂದು ಸಾಲನ್ನಾದರೂ ಜಗಳವಿಲ್ಲದೆ ಜೋಡಿಸಿದವಳಲ್ಲ.

"ಇದು ನಿಜವೇನೋ, ಇಲ್ಲಾ ಕೇಳೋಕೆ ಚೆನ್ನಾಗಿದೆ ಅಂತ ಬರೆದೆಯೋ?" ಎನ್ನುವಳು.

ಅವನು ಕೂಗಾಡುವನು. ಮುನಿಸಿಕೊಂಡು ಹೊರಗೆ ಹೋಗುವನು. ಸ್ವಲ್ಪ ಹೊತ್ತಿಗೆ ಬಂದು ಸಾಲನ್ನು ತಿದ್ದಿ ಕೊಡುವನು.

ಪತ್ರಿಕೆಯ ಕೊನೆಯ ಪುಟ ಸತ್ತವರದು. ಅಲ್ಲಿ ಪ್ರತಿ ಹೆಸರಿನ ಕೆಳಗೆ ಒಂದು ಸಾಲು ಬರೆಯುವುದನ್ನು ಶುರುಮಾಡಿದವನು ಅವನೇ. ಇವಳು ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಇವನು ತಮ್ಮನ ಜೊತೆ ಮಾತು ಬಿಟ್ಟಿದ್ದ, ಕೊನೆಗೂ ಆಡಲಿಲ್ಲ. ಹೊಗಳಿಕೆಯಲ್ಲ, ತೆಗಳಿಕೆಯೂ ಅಲ್ಲ. ಆ ಒಂದು ಸಾಲಿಗಾಗಿ ಊರು ಅವನನ್ನು ನಂಬಿತ್ತು. ಬದುಕಿದ್ದವರು ಅವನೆದುರು ಸ್ವಲ್ಪ ನೋಡಿಕೊಂಡು ನಡೆಯುತ್ತಿದ್ದರು.

ಒಮ್ಮೆ ಊರಿನ ಮೇಯರನ ತಂದೆ ಸತ್ತು ಜಗಲಿಗೆ ಬಂದು ಕೂತ. ಸಂಪಾದಕ ಬರೆದ: "ಇವನು ಕೆರೆಯ ತೂಬನ್ನು ತನ್ನ ಗದ್ದೆಯ ಕಡೆ ತಿರುಗಿಸಿಕೊಂಡ. ಕೆಳಗಿನ ಕೇರಿ ಒಣಗಿತು." ಮೇಯರ್ ತಾನೇ ಅಚ್ಚುಕೂಟಕ್ಕೆ ಬಂದು ನಿಂತ.

"ಹೆಸರು ಹಾಕು, ಸಾಲು ತೆಗಿ."

"ಸಾಲು ಇಲ್ಲದೆ ಹೆಸರಿಲ್ಲ," ಎಂದ ಸಂಪಾದಕ.

ಮೇಯರನ ಆಳುಗಳು ಬಂದರು. ಮೊಳೆಯ ಪೆಟ್ಟಿಗೆಗಳನ್ನು ಹೊತ್ತು ತಂದು ಬೀದಿಗೆ ಸುರಿದರು. ಅಕ್ಷರಗಳು ಚರಂಡಿಗೆ ಬಿದ್ದವು, ಧೂಳಿಗೆ ಬಿದ್ದವು. ಅಕ್ಕ ಸೆರಗು ಕಟ್ಟಿ ಚರಂಡಿಗಿಳಿದು ಒಂದೊಂದನ್ನೇ ಹೆಕ್ಕತೊಡಗಿದಳು. ಅವನೂ ಕೂತ. ಆಮೇಲೆ ಎದುರು ಮನೆಯವರು ಬಂದು ಕೂತರು, ಪಕ್ಕದ ಬೀದಿಯವರು ಬಂದರು, ಕೆಳಗಿನ ಕೇರಿ ಇಡಿಯಾಗಿ ಬಂತು. ಬಾಚಿ ಕೊಟ್ಟವರೆಷ್ಟೋ, ತೊಳೆದು ಕೊಟ್ಟವರೆಷ್ಟೋ. ಪತ್ರಿಕೆ ಹೊರಬಂತು. ಮೇಯರ್ ತಲೆ ತಗ್ಗಿಸಿ ತನ್ನ ತಂದೆಯ ಹೆಸರು ಹೇಳಿದ, ತಂದೆ ಎದ್ದು ಹೋದ. ಅವನು ಹೋದ ಬೆನ್ನಿಗೇ ಜನ ಸಂಪಾದಕನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಭಾಭವನಕ್ಕೆ ನಡೆದರು. ಆ ಊರಿನಲ್ಲಿ ಏನೇ ತೀರ್ಮಾನವಾದರೂ ಕೈ ಎತ್ತಿಯೇ ಆಗುತ್ತಿತ್ತು. ಎಲ್ಲ ಕೈಗಳೂ ಎದ್ದವು. ಸಂಪಾದಕ ಮೇಯರ್ ಆದ.

ಪತ್ರಿಕೆ ಅಕ್ಕನ ಪಾಲಿಗೆ ಬಂತು. ಬರೆಯುವವಳೂ ಅವಳೇ, ಜೋಡಿಸುವವಳೂ ಅವಳೇ. ಕೊನೆಯ ಪುಟ ಮಾತ್ರ ತಮ್ಮನ ಒಪ್ಪಿಗೆಯಿಲ್ಲದೆ ಅಚ್ಚಾಗುತ್ತಿರಲಿಲ್ಲ.

ಊರಿಗೆ ಆಗ ಹೊಳೆಯ ನೀರೇ ಗತಿ. ಕೆಂಪು ರಾಡಿ. ಊರ ಮೇಲಿನ ಗುಡ್ಡದಲ್ಲಿ ಒಂದು ಕೊಳವಿತ್ತು. ಅದರ ಮೇಲೆ ಹಿರಿಯರು ಯಾವ ಕಾಲದಲ್ಲೋ ಕಲ್ಲು ಎಳೆದು ಮುಚ್ಚಿದ್ದರು. ಯಾಕೆ ಮುಚ್ಚಿದರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸಂಪಾದಕನಾಗಿದ್ದಾಗ ಅವನು ವರ್ಷಗಟ್ಟಲೆ ಬರೆದಿದ್ದ: ಕಲ್ಲು ಸರಿಸಿ, ಮೂಢನಂಬಿಕೆ ಬಿಡಿ, ಮಕ್ಕಳಿಗೆ ಒಳ್ಳೆಯ ನೀರು ಕುಡಿಸಿ. ಮೇಯರ್ ಆದ ಕೂಡಲೇ ಕಲ್ಲು ಸರಿಸಿದ. ತಿಳಿನೀಲಿಯ ನೀರು. ಬಾಯಿಗಿಟ್ಟರೆ ತಣ್ಣಗೆ, ಸಿಹಿ. ಬೀದಿ ಬೀದಿಗೂ ಕೊಳವೆ ಎಳೆದು ನಲ್ಲಿ ಹಾಕಿಸಿದ. ಇನ್ನು ಯಾರೂ ರಾಡಿ ಕುಡಿಯಬಾರದೆಂದು ಹೊಳೆಗೆ ಇಳಿಯುವ ಬಾಗಿಲನ್ನು ಹಾಕಿಸಿ ಅಗುಳಿ ಬಿಗಿಸಿದ. ಮೊದಲ ನಲ್ಲಿ ತಿರುಗಿಸಿದ ದಿನ ಹೆಂಗಸರು ಅದಕ್ಕೆ ಅರಿಸಿನ ಹಚ್ಚಿದರು. ಅವನ ಕಣ್ಣು ತುಂಬಿ ಬಂತು. ತಾನು ಬರೆದದ್ದು ಹರಿಯುವುದನ್ನು ಯಾವ ಸಂಪಾದಕ ನೋಡಿದ್ದಾನೆ?

ಮೊದಲು ಸತ್ತವಳು ಕೋಟೆಬಾಗಿಲ ಹತ್ತಿರ ಹೂ ಮಾರುವ ಹುಡುಗಿ. ಕೊಡ ತುಂಬಿಸಿಕೊಂಡು ಬಂದವಳು ಹೊಟ್ಟೆ ಹಿಡಿದುಕೊಂಡು ಮಲಗಿದಳು, ಮತ್ತೆ ಏಳಲಿಲ್ಲ. ಆಮೇಲೆ ಎದ್ದವಳು ನೇರವಾಗಿ ಜಗಲಿಗೇ ಬಂದಳು. ಅಕ್ಕ ತಾನು ಬರೆದ ಸಾಲನ್ನು ಹಿಡಿದುಕೊಂಡು ಮೇಯರನ ಕೋಣೆಗೆ ಬಂದಳು.

"ನೋಡು. 'ನಿಂಗಾಜಿ. ಹೊಸ ನಲ್ಲಿಯ ನೀರು ಕುಡಿದು ಸತ್ತಳು.' ಹಾಕ್ತೀನಿ. ನೀನು ಅಷ್ಟರಲ್ಲಿ ನಲ್ಲಿ ನಿಲ್ಲಿಸು."

"ನೀರಿಂದಲೇ ಅಂತ ಹೇಗೆ ಹೇಳ್ತೀಯಕ್ಕ?"

"ನಾನು ಆ ಮನೇಲೇ ಕೂತಿದ್ದೆ ಕಣೋ. ಬೆಳಿಗ್ಗೆಯಿಂದ ಅವಳ ಬಾಯಿಗೆ ಬೇರೆ ಏನೂ ಬಿದ್ದಿಲ್ಲ."

"ಇನ್ನೂ ಗಟ್ಟಿಯಾಗಿಲ್ಲ. ಈ ಸಾಲು ಬಂದರೆ ಜನ ನಲ್ಲಿ ಕಿತ್ತು ಹಾಕ್ತಾರೆ, ತಿರುಗಿ ರಾಡಿಗೆ ಹೋಗ್ತಾರೆ. ನಾಳೆ ನೋಡೋಣ."

"ಸರಿ, ಸಾಲು ಬೇಡ. ಬರೀ ಹೆಸರಾದರೂ ಹಾಕೋಣ. ಹುಡುಗಿ ಜಗಲೀಲಿ ಕೂತಿದೆ."

ಮೇಯರ್ ಕಿಟಕಿಯ ಕಡೆ ತಿರುಗಿಕೊಂಡ. "ಸಾಲು ಇಲ್ಲದೆ ಹೆಸರು ಬಂದರೆ ಯಾಕೆ ಇಲ್ಲ ಅಂತ ಕೇಳ್ತಾರೆ. ನಾಳೆ ಅಂದೆನಲ್ಲ."

ನಾಳೆ ಬಂತು. ಗೊಲ್ಲರ ಬೀದಿಯಲ್ಲಿ ಒಬ್ಬ ಕೂತ. ಅದರ ನಾಳೆ ಬಂತು. ನೇಕಾರರ ಸಾಲಿನಲ್ಲಿ ಗಂಡ ಹೆಂಡತಿ ಪಕ್ಕ ಪಕ್ಕದಲ್ಲಿ ಕೂತರು. ಮೇಯರ್ ಪ್ರತಿ ಸಲವೂ ನಾಳೆ ಎಂದ. ಮೊದಲನೆಯದನ್ನು ಹಾಕದೆ ಎರಡನೆಯದನ್ನು ಹಾಕುವುದು ಹೇಗೆ? ನಲ್ಲಿ ನಿಲ್ಲಿಸಿದರೆ ನೀರಿನದೇ ತಪ್ಪು ಎಂದು ತಾನೇ ಸಾರಿದ ಹಾಗಲ್ಲವೇ? ಸತ್ತವರ ಜಾಗದಲ್ಲಿ ಬೇರೆ ಸುದ್ದಿ ಹಾಕಲು ಅಕ್ಕ ಒಪ್ಪಲಿಲ್ಲ. ಪತ್ರಿಕೆಯ ಕೊನೆಯ ಪುಟವನ್ನು ಬೆಳ್ಳಗೆ ಬಿಟ್ಟಳು. ಉಪಮೇಯರ್ ಅದನ್ನು ತಂದು ತೋರಿಸಿದ. ನಗುಮುಖದ ಮನುಷ್ಯ, ಹಿಂದಿನ ಮೇಯರನಿಗೂ ಇವನೇ ಉಪಮೇಯರ್ ಆಗಿದ್ದ.

"ಏನೂ ತೊಂದರೆಯಿಲ್ಲ ಸ್ವಾಮಿ. ಬೆಳ್ಳಗಿದೆ ಅಂದರೆ ಯಾರೂ ಸತ್ತಿಲ್ಲ ಅಂತಲೇ ಅರ್ಥ," ಎಂದ.

ಹುಡುಗಿಯ ತಾಯಿ ಸಭಾಭವನಕ್ಕೆ ಬಂದಳು. ಮನೆಯಲ್ಲಿ ಕೂತು ಹೂ ಕಟ್ಟುವವಳು, ಅಷ್ಟು ದೊಡ್ಡ ಬಾಗಿಲು ದಾಟಿದವಳಲ್ಲ. ಕೈಮುಗಿದು ಕೇಳಿದಳು: "ಸ್ವಾಮಿ, ನನ್ನ ಮಗಳ ಹೆಸರು ಯಾವಾಗ ಬರುತ್ತೆ? ಅಳದೇ ತಡ್ಕೊಂಡಿದೀನಿ. ಎದೆ ಒಡೀತಿದೆ."

ಮೇಯರನಿಗೆ ನಿಜ ಹೇಳಬೇಕೆನ್ನಿಸಿತು. ಬಾಯಿ ತೆರೆದ. ಆದರೆ ಬಂದ ಮಾತೇ ಬೇರೆ.

"ನಿಮ್ಮ ಮಗಳು ಎಲ್ಲಿದ್ದಾಳಮ್ಮ?"

"ಜಗಲೀಲಿ ಕೂತವಳೆ."

"ಕೂತಿದ್ದಾಳೆ ತಾನೇ? ಎದುರಿಗೇ ಇದ್ದಾಳೆ ತಾನೇ? ಮತ್ತೆ ಯಾಕೆ ಸತ್ತಳು ಅಂತೀರಿ? ಹೆಸರು ಬಂದಿಲ್ಲ ಅಂದರೆ ಸತ್ತಿಲ್ಲ. ಮನೆಗೆ ಹೋಗಿ, ಮಗಳನ್ನ ನೋಡ್ಕೊಳ್ಳಿ."

ತಾಯಿ ಅವನ ಮುಖವನ್ನೇ ನೋಡಿದಳು. ಸುಳ್ಳು ಬರೆಯದವನು. ಅವಳ ಮುಖ ನಿಧಾನವಾಗಿ ಸಡಿಲವಾಯಿತು. ನೋಡನೋಡುತ್ತಿದ್ದಂತೆ ಅಲ್ಲೊಂದು ನಗು ಬಂದು ಕೂತಿತು. ಅವಳು ಕೈಮುಗಿದು ಹೊರಟುಹೋದಳು.  ಇಷ್ಟು ಸುಲಭವೇ ಎಂದು ಮೇಯರನಿಗೆ ಭಯವಾಯಿತು.

ಅವಳ ಬಾಯಿಂದ ಆ ಮಾತು ಊರಿಗೆ ಹಬ್ಬಿತು. ಸತ್ತವರು ಸತ್ತಿಲ್ಲ. ಜಗಲಿಯ ಮೇಲೆ ಇದ್ದಾರೆ. ಜನ ಅವರಿಗೆ ಸ್ನಾನ ಮಾಡಿಸಿದರು, ಹೊಸ ಬಟ್ಟೆ ಉಡಿಸಿದರು. ಅದುವರೆಗೆ ಯಾರೂ ಸತ್ತವರನ್ನು ಅಷ್ಟು ದಿನ ಇಟ್ಟುಕೊಂಡಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಿರದ ಒಂದು ಸಂಗತಿ ಆಗ ಗೊತ್ತಾಯಿತು. ಹತ್ತಿರ ಕೂತವರು ಏನು ಮಾಡಿದರೂ ಸತ್ತವರೂ ಅದನ್ನೇ ಮಾಡುತ್ತಿದ್ದರು. ನೀವು ಕೈಮುಗಿದರೆ ಕೈಮುಗಿಯುವರು, ತಲೆಯಾಡಿಸಿದರೆ ತಲೆಯಾಡಿಸುವರು. ಕೈ ಹಿಡಿದು ನಡೆಸಿದರೆ ಹಿಂದೆಯೇ ನಡೆಯುವರು. ಎದುರು ಮಾತಿಲ್ಲ, ಮುನಿಸಿಲ್ಲ. ಅತ್ತೆಯಂದಿರು ಒಳ್ಳೆಯವರಾದರು, ಸೊಸೆಯರು ಒಳ್ಳೆಯವರಾದರು. ಜನ ಅವರನ್ನು ಸಂತೆಗೆ ಕರೆದುಕೊಂಡು ಹೋದರು. ಆಮೇಲೆ ಸಭೆಗೂ ಕರೆತಂದರು.

ಸಭೆಯಲ್ಲಿ ಉಪಮೇಯರ್ ಒಂದು ವಿಷಯ ಮುಂದಿಟ್ಟು ಕೈ ಎತ್ತಿದ. ಅವನ ಕಡೆಯವರು ಎತ್ತಿದರು. ಅವರ ಪಕ್ಕದಲ್ಲಿದ್ದ ಸತ್ತವರು ಎತ್ತಿದರು. ಕೈಗಳ ಕಾಡು ಎದ್ದು ನಿಂತಿತು. ಯಾವ ಕೈಯೂ ನಡುಗಲಿಲ್ಲ, ಯಾವ ಕೈಯೂ ಅರ್ಧಕ್ಕೆ ನಿಲ್ಲಲಿಲ್ಲ.

"ಊರು ಇಷ್ಟು ಒಗ್ಗಟ್ಟಾಗಿದ್ದದ್ದು ನನಗೆ ನೆನಪಿಲ್ಲ ಸ್ವಾಮಿ," ಎಂದು ಉಪಮೇಯರ್ ಮೇಯರನ ಕಿವಿಯಲ್ಲಿ ಹೇಳಿದ.

ಆ ಸಂಜೆ ಮೇಯರ್ ಮನೆಗೆ ಬಂದಾಗ ಅಕ್ಕ ಚಾಪೆಯ ಮೇಲೆ ಮುದುರಿಕೊಂಡು ಮಲಗಿದ್ದಳು. ತುಟಿ ನೀಲಿಯಾಗಿತ್ತು.

"ಆ ನೀರು ಯಾಕೆ ಕುಡಿದೆ? ನಿನಗೆ ಗೊತ್ತಿತ್ತಲ್ಲ!"

"ಬೇರೆ ನೀರು ಎಲ್ಲಿದೆಯೋ? ಹೊಳೆ ಬಾಗಿಲು ಹಾಕಿಸಿದೀಯಲ್ಲ. ಎಷ್ಟು ದಿನ ಅಂತ ಬಾಯಾರಿಕೆ ತಡೀಲಿ?"

ಅವನು ಅವಳ ಪಕ್ಕ ಕೂತು ಪಾದ ಹಿಡಿದುಕೊಂಡ. ತಣ್ಣಗಿತ್ತು. ಅವಳು ಉಸಿರೆಳೆದುಕೊಂಡು ಹೇಳಿದಳು: "ನನ್ನ ಹೆಸರು ನೀನೇ ಜೋಡಿಸಬೇಕು. ಆದರೆ ನನ್ನ ಒಬ್ಬಳದ್ದೇ ಹಾಕಬೇಡ ಕಣೋ. ಅವರೆಲ್ಲ ನನಗಿಂತ ಮೊದಲಿಂದ ಕೂತಿದ್ದಾರೆ. ಸರದಿ ತಪ್ಪಿಸಬೇಡ."

ಅವನು ಅವಳ ಪಾದವನ್ನು ಉಜ್ಜುತ್ತಲೇ ಇದ್ದ. ಅಷ್ಟರಲ್ಲಿ ಉಜ್ಜುವುದು ದಂಡವಾಯಿತು.

ಬೆಳಗಾದಾಗ ಅಕ್ಕ ಜಗಲಿಯ ಮೇಲಿದ್ದಳು. ಬೀದಿಗೆ ಮುಖ ಮಾಡಿ, ಬೆನ್ನು ನೆಟ್ಟಗೆ ಮಾಡಿಕೊಂಡು. ಅವನು ಹೋಗಿ ಪಕ್ಕದಲ್ಲಿ ಕೂತ. ಹೂ ಹುಡುಗಿಯ ತಾಯಿಗೆ ತಾನು ಹೇಳಿದ್ದ ಮಾತು ನೆನಪಾಯಿತು. ಕೂತಿದ್ದಾಳೆ ತಾನೇ? ಎದುರಿಗೇ ಇದ್ದಾಳೆ ತಾನೇ? ಹೌದು. ಇರಲಿ. ಹೀಗೇ ಇರಲಿ. ಅವನ ಕಣ್ಣಲ್ಲಿ ನೀರು ಬಂತು. ಕೈಯ ಹಿಂಭಾಗದಿಂದ ಒರೆಸಿಕೊಂಡ. ಅಕ್ಕನೂ ಕೈಯ ಹಿಂಭಾಗದಿಂದ ತನ್ನ ಒಣಗಿದ ಕಣ್ಣನ್ನು ಒರೆಸಿಕೊಂಡಳು.

ಅವನು ಬೆಚ್ಚಿಬಿದ್ದ. "ಅಕ್ಕ," ಎಂದ.  "ನಾನು ಮಾಡಿದ್ದು ಸರಿ ಅಲ್ಲವಾ ಅಕ್ಕ?" ಎಂದು ತಲೆಯಾಡಿಸಿದ. ಅವಳೂ ತಲೆಯಾಡಿಸಿದಳು. ಹುಟ್ಟಿದಾಗಿನಿಂದ ಅವನ ಒಂದು ಮಾತಿಗೂ ಸುಮ್ಮನೆ ಹೂಂಗುಟ್ಟದವಳು ತಲೆಯಾಡಿಸಿದಳು. ಅವನು ನಿಲ್ಲಿಸಿದ ಮೇಲೆ ನಿಲ್ಲಿಸಿದಳು.

ಅವನು ಎದ್ದ. ಅಚ್ಚುಕೂಟದ ಬೀಗ ತೆಗೆದು ಒಳಗೆ ಹೋದ. ಅವನಿಗೆ ಮೊಳೆ ಜೋಡಿಸುವ ಅಭ್ಯಾಸವಿರಲಿಲ್ಲ. ಯಾವ ಅಕ್ಷರ ಯಾವ ಖಾನೆಯಲ್ಲಿದೆ ಎಂದು ಹುಡುಕುತ್ತ, ತಲೆಕೆಳಗಾಗಿ ಇಡುತ್ತ, ಕಿತ್ತು ಮತ್ತೆ ಇಡುತ್ತ, ನಿಂಗಾಜಿಯಿಂದ ಶುರುಮಾಡಿ ಸರದಿಯಂತೆ ಎಲ್ಲ ಹೆಸರುಗಳನ್ನೂ ಜೋಡಿಸಿದ. ಕೊನೆಗೆ ಅಕ್ಕನ ಹೆಸರು. ಎಲ್ಲರ ಕೆಳಗೆ ಒಂದೇ ಸಾಲು: "ಇವರು ಹೊಸ ನಲ್ಲಿಯ ನೀರು ಕುಡಿದು ಸತ್ತರು. ಕೊಳದ ಕಲ್ಲು ಸರಿಸಿದವನೂ, ಹೊಳೆಯ ಬಾಗಿಲು ಹಾಕಿಸಿದವನೂ, ಇವರ ಹೆಸರು ತಡೆದವನೂ ಮೇಯರ್."

ಮೊದಲ ಪ್ರತಿಯನ್ನು ಹಿಡಿದು ತನ್ನ ಮನೆಯ ಹೊಸ್ತಿಲ ಮೇಲೆ ನಿಂತ. ಬಾಯಿ ತೆರೆದ. ಹೆಸರು ಹೊರಡಲಿಲ್ಲ. ಅವಳ ಹೆಸರನ್ನು ಅವನು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಅವಳು ಅವನಿಗೆ ಅಕ್ಕ, ಅಷ್ಟೇ. ಅಕ್ಕ ಎಂದರೆ ಏಳಳು. ಹೆಸರೇ ಬೇಕು.

"ಚೆನ್ನಾಜಮ್ಮ," ಎಂದ. ದನಿ ಒಡೆಯಿತು. ಮತ್ತೆ ಗಟ್ಟಿಯಾಗಿ ಹೇಳಿದ: "ಚೆನ್ನಾಜಮ್ಮ!"

ಯಾರೋ ಬೇರೆಯವರನ್ನು ಕರೆದಂತಾಯಿತು. ಜಗಲಿಯಿಂದ ಅವಳು ಎದ್ದಳು. ಸೆರಗು ಸರಿಮಾಡಿಕೊಂಡಳು. ಮೆಟ್ಟಿಲಿಳಿದಳು. ಅವನು ಹಿಂದೆ ಹಿಂದೆ ನಡೆದ. ಈಗ ಅವನು ತಡವರಿಸಿದರೂ ಅವಳು ತಡವರಿಸಲಿಲ್ಲ, ಅವನು ನಿಂತರೂ ಅವಳು ನಿಲ್ಲಲಿಲ್ಲ. ತೆಂಕಣ ಬಾಗಿಲು ದಾಟಿ ಹೋದಳು. ಅವನು ಬಾಗಿಲ ಕಲ್ಲಿಗೆ ಹಣೆಯಿಟ್ಟು ಅತ್ತ.

ಆಮೇಲೆ ಉಳಿದ ಪ್ರತಿಗಳನ್ನು ಹೊತ್ತು ಮನೆಮನೆಗೆ ಹೊರಟ. ಜನ ಓದಿದರು. ಓದಿ, ಮಡಚಿ, ತಿರುಗಿ ಅವನ ಕೈಗೇ ಇಟ್ಟರು.

"ನಮ್ಮಪ್ಪ ಎಲ್ಲಿಗೂ ಹೋಗಲ್ಲ ಸ್ವಾಮಿ," ಎಂದ ಗೊಲ್ಲರ ಬೀದಿಯವನು. "ಸತ್ತಿಲ್ಲ ಅಂದವರು ನೀವೇ, ಈಗ ಸತ್ತ ಅನ್ನೋರೂ ನೀವೇ. ನಮಗೆ ಮೊದಲನೇ ಮಾತೇ ಇರಲಿ."

ಹೂ ಕಟ್ಟುವ ತಾಯಿ ಮಗಳಿಗೆ ಜಡೆ ಹಾಕುತ್ತಿದ್ದಳು. ಪತ್ರಿಕೆಯನ್ನು ಮುಟ್ಟಲೇ ಇಲ್ಲ.

"ಮೊದಲು ಜಡೆ ಹಾಕೋಕೆ ಹೋದರೆ ಕೂಗಾಡೋಳು. ಈಗ ನೋಡಿ, ಎಷ್ಟು ಚೆನ್ನಾಗಿ ಕೂತ್ಕೋತಾಳೆ. ಹೋಗಿ ಸ್ವಾಮಿ."

ಮಧ್ಯಾಹ್ನ ಸಭೆ ಸೇರಿತು. ಉಪಮೇಯರ್ ಕರೆಸಿದ್ದ. ಬದುಕಿದ್ದವರು ತಮ್ಮ ತಮ್ಮ ಸತ್ತವರನ್ನು ಕರೆತಂದು ಕೂರಿಸಿದ್ದರು. ಬದುಕಿದ್ದವರು ಕಡಿಮೆಯಾಗಿದ್ದರು. ಮೇಯರ್ ಪೀಠಕ್ಕೆ ಹೋಗದೆ ಜನರ ನಡುವೆ ಸಿಕ್ಕ ಜಾಗದಲ್ಲಿ ಕೂತ. ಪಕ್ಕದಲ್ಲಿ ನಿಂಗಾಜಿ, ಅವಳ ಆಚೆ ಅವಳ ತಾಯಿ.

"ಪತ್ರಿಕೆ ಸುಳ್ಳು," ಎಂದ ಉಪಮೇಯರ್, ನಗುತ್ತಲೇ. "ಅಚ್ಚುಕೂಟ ಮುಚ್ಚಬೇಕು. ನಲ್ಲಿ ಹೀಗೇ ಹರೀಬೇಕು. ನಮ್ಮ ಮೇಯರ್ ದಣಿದಿದ್ದಾರೆ, ಪೀಠವನ್ನ ನಾನು ನೋಡ್ಕೋತೀನಿ. ಒಪ್ಪುವವರು ಕೈ ಎತ್ತಿ."

ಕೈಗಳು ಎದ್ದವು. ಕಂಬದಿಂದ ಕಂಬದವರೆಗೆ ಎದ್ದವು. ತಾಯಿಯೂ ಎತ್ತಿದಳು, ಮಗಳೂ ಎತ್ತಿದಳು.

"ಒಪ್ಪದವರು?"

ಮೇಯರ್ ಕೈ ಎತ್ತಿದ. ಅವನೊಬ್ಬನೇ. ಆದರೆ ಪಕ್ಕದಲ್ಲಿದ್ದ ನಿಂಗಾಜಿಯ ಕೈ ಇಳಿದು, ಮತ್ತೆ ಅವನ ಕೈಯ ಜೊತೆಯೇ ಎದ್ದಿತು. ಅವಳನ್ನು ನೋಡಿ ಅವಳ ಹಿಂದೆ ಕೂತಿದ್ದ ಸತ್ತವನ ಕೈ ಎದ್ದಿತು, ಅವನ ಹಿಂದಿನವಳದು ಎದ್ದಿತು. ಸಭೆಯಲ್ಲಿ ಗುಸುಗುಸು ಹಬ್ಬಿತು. ಉಪಮೇಯರನ ನಗು ಮೊದಲ ಬಾರಿಗೆ ನಿಂತಿತು. ಮೇಯರನಿಗೆ ಗೊತ್ತಾಯಿತು: ಹೀಗೇ ಕೈ ಎತ್ತಿ ಹಿಡಿದು ಕೂತರೆ ಸಾಕು, ಈ ಕಾಡೆಲ್ಲ ತನ್ನ ಕಡೆ ವಾಲುತ್ತದೆ. ನಲ್ಲಿ ನಿಲ್ಲುತ್ತದೆ. ಹೊಳೆಯ ಬಾಗಿಲು ತೆರೆಯುತ್ತದೆ. ಒಳ್ಳೆಯ ಕೆಲಸವೇ ತಾನೇ?

ಒಳ್ಳೆಯ ಕೆಲಸವೇ ತಾನೇ ಎಂದು ಅವನು ಇದಕ್ಕೆ ಮೊದಲೂ ಅಂದುಕೊಂಡಿದ್ದ.

ಅವನು ಕೈ ಇಳಿಸಿದ. ನಿಂಗಾಜಿ ಇಳಿಸಿದಳು. ಹಿಂದಿನ ಕೈಗಳೂ ಒಂದೊಂದಾಗಿ ಇಳಿದವು.

"ಇವರ ಕೈ ನನಗೆ ಬೇಡ," ಎಂದ. "ನಿಮಗೂ ಬೇಡ. ಇವರನ್ನು ಕಳಿಸಿಕೊಡಿ."

 ತಾಯಿ ತನ್ನ ಮಗಳ ಕೈಯನ್ನು ನೋಡುತ್ತಿದ್ದಳು. ತನ್ನ ಜೊತೆ ಎದ್ದ ಕೈ, ಅವನ ಜೊತೆಯೂ ಎದ್ದಿತ್ತು. ಅವಳು ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಬಹಳ ಹೊತ್ತು ನೋಡಿದಳು.

"ಇವಳು ಇದರಲ್ಲಿಲ್ಲ," ಎಂದಳು, ತನಗೆ ತಾನೇ. ಆಮೇಲೆ ಅವನಿಗೆ: "ಆ ಕಾಗದ ಕೊಡಿ. ನನಗೆ ಓದೋಕೆ ಬರಲ್ಲ, ಎಲ್ಲಿದೆ ಅಂತ ತೋರಿಸಿ."

ಮೂವರೂ ಎದ್ದು ಹೊರಗೆ ಬಂದರು. ಯಾರೂ ತಡೆಯಲಿಲ್ಲ. ಹಿಂದೆ ಉಪಮೇಯರ್ ಮತ್ತೆ ಮೊದಲಿನಿಂದ ಕೈ ಎತ್ತಿಸುತ್ತಿದ್ದ.

ಹುಡುಗಿ ತನ್ನ ಜಗಲಿಯ ಮೇಲೆ ಕೂತಳು. ತಾಯಿ ಪತ್ರಿಕೆ ಹಿಡಿದು ಹೊಸ್ತಿಲ ಮೇಲೆ ನಿಂತಳು. ಅವನು ಕೆಳಗೆ ಬೀದಿಯಲ್ಲಿ ನಿಂತು, ಹೆಸರಿನ ಮೇಲೆ ಬೆರಳಿಟ್ಟು ತೋರಿಸಿ ಹಿಂದೆ ಸರಿದ. ಬೀದಿಯ ಮನೆಗಳಲ್ಲಿ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಆ ಹೆಸರು ತಮ್ಮ ಕಿವಿಗೆ ಬೀಳಬಾರದು ಎನ್ನುವ ಹಾಗೆ.

"ನಿಂಗಾಜಿ," ಎಂದಳು ತಾಯಿ. "ಹೋಗಿ ಬಾ ಮಗಳೇ."

ಹುಡುಗಿ ಎದ್ದು ಹೋದಳು. ಆ ಬೀದಿಯಲ್ಲಿ ಬಹಳ ಕಾಲದ ಮೇಲೆ ಅಳು ಕೇಳಿಸಿತು. ಮುಚ್ಚಿದ ಬಾಗಿಲುಗಳ ಮುಂದೆ ಅದು ಹೋಯಿತು, ಬಂತು. ಅವನು ಮೆಟ್ಟಿಲ ಕೆಳಗೆ ನಿಂತೇ ಇದ್ದ. ತಾಯಿ ಅತ್ತು ಮುಗಿಸಿ ಮೂಗು ಒರೆಸಿಕೊಂಡಳು. ಮನೆಗೆ ಬಂದವರಿಗೆ ಕೊಡುವ ರೂಢಿಯಂತೆ ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಅವನು ಬೇಡವೆನ್ನಲಿಲ್ಲ, ಕೈ ಚಾಚಿದ. ಕೊಡಹೋದ ಅವಳ ಕೈ ನಡುವೆಯೇ ನಿಂತಿತು. ಅವಳು ನೀರನ್ನು ನೋಡಿದಳು, ಅವನನ್ನು ನೋಡಿದಳು. ಲೋಟವನ್ನು ಅಂಗಳಕ್ಕೆ ಬಗ್ಗಿಸಿದಳು. ಒಳಗಿನ ಕೊಡವನ್ನೂ ತಂದು ಬಗ್ಗಿಸಿದಳು.

"ನಿಮ್ಮನ್ನ ಕ್ಷಮಿಸಿದೆ ಅಂದ್ಕೋಬೇಡಿ," ಎಂದಳು.

"ಇಲ್ಲ."

"ಹೊಳೆ ಬಾಗಿಲು ತೆಗೀತಾರಾ?"

"ತೆಗೆಯಲ್ಲ."

ಅವಳು ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೊರಟಳು. ಅವನೂ ಹೊರಟ. ದಾರಿಯಲ್ಲಿ ಸಭಾಭವನ ಸಿಕ್ಕಿತು. ಸಭೆ ಮುಗಿದು ಬದುಕಿದ್ದವರು ಊಟಕ್ಕೆ ಹೋಗಿದ್ದರು. ಕಿಟಕಿಗಳೊಳಗೆ ಸತ್ತವರು ಕೂತಲ್ಲೇ ಕೂತಿದ್ದರು. ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಇಳಿಸಿ ತೋರಿಸುವವರು ಹತ್ತಿರ ಯಾರೂ ಇರಲಿಲ್ಲ.

ಹೊಳೆಯ ಬಾಗಿಲು ಬಂತು. ಅಗುಳಿ ತುಕ್ಕು ಹಿಡಿದಿತ್ತು. ಆಚೆ ನೀರು ಹರಿಯುವ ಸದ್ದು ಕೇಳುತ್ತಿತ್ತು. ಹಿಂದೆ, ಊರ ಕಡೆಯಿಂದ, ಯಾರೋ ಓಡಿಬರುವ ಸದ್ದೂ ಕೇಳುತ್ತಿತ್ತು. ಒಬ್ಬಿಬ್ಬರದಲ್ಲ. ತಾಯಿ ತಿರುಗಿ ನೋಡದೆ ಕೊಡ ಕೆಳಗಿಟ್ಟು ಅಗುಳಿಗೆ ಕೈ ಹಾಕಿದಳು.

"ನೋಡ್ತಾ ನಿಂತ್ಕೊಂಡರೆ ಹೇಗೆ? ಹಿಡೀರಿ," ಎಂದಳು.

ಅವನು ಹಿಡಿದು ಎಳೆದ.